ಕೂಸು ತರಲು ಹೋದವರು

ನಾರಾಯಣಪೇಟೆಯಲ್ಲಿ ಸೀರೆಯ ವ್ಯಾಪಾರ ಮಾಡುವವರಿಗೆಲ್ಲ ಒಂದು ಅಭ್ಯಾಸವಿರುತ್ತದೆ. ಗಿರಾಕಿಗಳು ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಭಾಷೆ ಯಾವುದೆಂದು ಅಂದಾಜು ಮಾಡಿ ಅದರಲ್ಲಿಯೇ ಬರಮಾಡಿಕೊಳ್ಳುವುದು. ಒಂದೇ ತಾಸಿನೊಳಗೆ ಕನ್ನಡ, ತೆಲುಗು, ದಖನಿ, ಮರಾಠಿ ನಾಲ್ಕೂ ನಮ್ಮ ಗಾದಿಯ ಮುಂದೆ ಬಂದು ಹೋಗುತ್ತವೆ. ಇಂಗ್ಲಿಷು ಮಾತ್ರ ಅಂಗಡಿಗೆ ಬೇಕಾಗುವಷ್ಟೇ ಬರುತ್ತದೆ. ಈ ಅರೆಬರೆ ಭಾಷಾಜ್ಞಾನವು ಒಮ್ಮೆ ವ್ಯಾಪಾರಕ್ಕಲ್ಲದೆ ಬೇರೊಂದು ಕೆಲಸಕ್ಕೆ ಒದಗಿದ ಪ್ರಸಂಗವನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ಬರೆಯಲು ಕುಳಿತಾಗಲೆಲ್ಲ ಸಂಕೋಚ ಅಡ್ಡಬರುತ್ತಿತ್ತು. ಏಕೆಂದರೆ ಅದರಲ್ಲಿ ನಮ್ಮ ಸಂತೋಷದ ಸಂಗತಿ ಇರುವಂತೆಯೇ ನಾವು ತಲೆ ತಗ್ಗಿಸಿದ ಸಂಗತಿಯೂ ಇದೆ.

ಮದುವೆಯಾಗಿ ಹನ್ನೊಂದು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ರಾಯಚೂರಿನ ಡಾಕ್ಟರು, ಹೈದರಾಬಾದಿನ ಡಾಕ್ಟರು, ಹರಕೆ, ಉಪವಾಸ ಎಲ್ಲವೂ ಆದವು. ಆ ದಿನಗಳನ್ನು ಬಲ್ಲವರು ಬಲ್ಲರು, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ. 2016ರ ದಸರೆಗೆ ನಮ್ಮಾಕೆಯ ತವರಾದ ಗದ್ವಾಲಕ್ಕೆ ಹೋಗಿದ್ದೆವು. ಅಕ್ಟೋಬರ್ 11, ವಿಜಯದಶಮಿ. ಅದೇ ದಿನ ತೆಲಂಗಾಣದಲ್ಲಿ ಹೊಸ ಜಿಲ್ಲೆಗಳು ಹುಟ್ಟಿ, ಗದ್ವಾಲವೂ ಜೋಗುಲಾಂಬ ಗದ್ವಾಲ ಎಂಬ ಜಿಲ್ಲೆಯ ಮುಖ್ಯ ಊರಾಗಿತ್ತು. ಬನ್ನಿ ಹಂಚಿ ಬಂದ ಮೇಲೆ ರಾತ್ರಿ ಮಾಳಿಗೆಯ ಮೇಲೆ ಕುಳಿತಾಗ ನಮ್ಮಾಕೆಯೇ ಮಾತು ತೆಗೆದಳು.

"ಊರಿಗೆಲ್ಲಾ ಹೊಸ ಜಿಲ್ಲಾ ಬಂತು. ನಮ್ಮ ಮನಿಗಿ ಒಂದು ಕೂಸು ತರೋಣೇನ್ರಿ?"

ಇಬ್ಬರ ಮನಸ್ಸಿನಲ್ಲಿಯೂ ಇದ್ದ ಮಾತು ಇಬ್ಬರೂ ಆಡದೆ ಎಷ್ಟೋ ವರ್ಷ ಕಳೆದಿತ್ತೆಂದು ಆಗ ತಿಳಿಯಿತು.

ಅವ್ವನಿಗೆ ಹೇಳುವುದು ಸುಲಭವಾಗಲಿಲ್ಲ. ನಮ್ಮ ಅವ್ವ ದಿನವೂ ಬೆಳಿಗ್ಗೆ ವಿಭೂತಿ ಧರಿಸಿ ಬಸವಣ್ಣನವರ ವಚನಗಳನ್ನು ಬಾಯಿಪಾಠವಾಗಿ ಹೇಳಿಕೊಳ್ಳುವ ಹೆಂಗಸು. ಆ ಬಾಯಿಯಿಂದಲೇ, "ಯಾವ ಕುಲದ್ದೋ ಏನೋ" ಎಂಬ ಮಾತು ಬಂದಾಗ ನಾವು ಉತ್ತರಿಸಲಿಲ್ಲ. ಉತ್ತರ ಆಕೆಗೇ ಗೊತ್ತಿತ್ತು. ದತ್ತಕವೆಂಬುದು ಅವ್ವನಿಗೆ ಹೊಸದೇನೂ ಅಲ್ಲ. ಅಣ್ಣತಮ್ಮಂದಿರ ಮಗನೊಬ್ಬನನ್ನು ಪಂಚರ ಎದುರಿಗೆ ಉಡಿಯಲ್ಲಿ ಹಾಕಿಸಿಕೊಳ್ಳುವುದು ಆಕೆ ಕಂಡ ದತ್ತಕ. ಮನೆತನದ ದೀಪ ಉರಿಯಲು, ಹೊಲದ ಪಹಣಿಯಲ್ಲಿ ಹೆಸರು ಉಳಿಯಲು. ಕನ್ನಡನಾಡಿನ ಚರಿತ್ರೆಯಲ್ಲಿ ದತ್ತಕದ ಸಲುವಾಗಿ ರಕ್ತವೂ ಹರಿದಿದೆ. 1824ರಲ್ಲಿ ಕಿತ್ತೂರಿನ ದತ್ತುಪುತ್ರನನ್ನು ಥ್ಯಾಕರೆ ಒಪ್ಪಲಿಲ್ಲ, ಚೆನ್ನಮ್ಮ ಯುದ್ಧಕ್ಕೆ ನಿಂತಳು. 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡಾಯವೆದ್ದುದಕ್ಕೂ ದತ್ತಕದ ಅನುಮತಿ ಸಿಗದೆ ಹೋದದ್ದು ದೊಡ್ಡ ಕಾರಣ. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ತೆಗೆದುಕೊಂಡ ದತ್ತಕಕ್ಕೆ ಬ್ರಿಟಿಷರ ಒಪ್ಪಿಗೆ ಬರಲು ಎರಡು ವರ್ಷ ಹಿಡಿಯಿತು. ಆದರೆ ಅಲ್ಲೆಲ್ಲ ಗಾದಿಗೆ ಮಗು ಬೇಕಾಗಿತ್ತು. ಮಗುವಿಗೊಂದು ಮನೆ ಬೇಕೆಂಬ ವಿಚಾರ ಬಹಳ ತಡವಾಗಿ ಬಂದದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹಿಂದೂ ದತ್ತಕ ಮತ್ತು ನಿರ್ವಹಣೆ ಕಾಯ್ದೆ ಬಂದದ್ದು 1956ರಲ್ಲಿ. ಅದೇ 1956ರ ನವೆಂಬರ್ 1ರಂದು ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ರಾಯಚೂರು ಜಿಲ್ಲೆಯ ಮಡಿಲಿನಿಂದೆತ್ತಿ ಮಹಬೂಬನಗರದ ಮಡಿಲಲ್ಲಿ ಹಾಕಿದರು. ನಮ್ಮ ಮಾವನವರು ಆಗ ಚಿಕ್ಕ ಹುಡುಗ. "ನಾವೇ ದತ್ತು ಹೋದವರಪಾ, ನಮಗ ದತ್ತಕದ ಅಂಜಿಕಿ ಯಾಕ?" ಎಂದು ಅವರು ನಕ್ಕರು. ನಮ್ಮ ನಿರ್ಧಾರಕ್ಕೆ ಬಂಧುಗಳ ಪೈಕಿ ಮೊದಲು ಬೆನ್ನು ತಟ್ಟಿದವರು ಅವರೇ.

ಅರ್ಜಿಯನ್ನು ಕಾರಾ ಎಂದು ಎಲ್ಲರೂ ಕರೆಯುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಕಂಪ್ಯೂಟರಿನ ಮೂಲಕವೇ ಸಲ್ಲಿಸಬೇಕು. ದೇಶಕ್ಕೆಲ್ಲ ಒಂದೇ ಸಾಲು. ಶ್ರೀಮಂತರೂ ಬಡವರೂ ಅದರಲ್ಲಿಯೇ ನಿಲ್ಲಬೇಕು. ಪ್ಯಾನ್ ಕಾರ್ಡು, ಆದಾಯದ ಪ್ರಮಾಣಪತ್ರ, ಮದುವೆಯ ಪ್ರಮಾಣಪತ್ರ, ಡಾಕ್ಟರರ ಸರ್ಟಿಫಿಕೇಟು ಎಲ್ಲವನ್ನೂ ಏರಿಸಿದ ಮೇಲೆ ಕೆಲವು ಅಂಕಣಗಳು ಬಂದವು. ಯಾವ ರಾಜ್ಯದ ಮಗು? ಗಂಡೋ ಹೆಣ್ಣೋ? ಎಷ್ಟು ವಯಸ್ಸಿನದು? ಆರೋಗ್ಯ ಹೇಗಿರಬೇಕು?

ಮೊದಲನೆಯ ಪ್ರಶ್ನೆಗೇ ನಾವು ತಡವರಿಸಿದೆವು. ಗಡಿಯ ಕನ್ನಡಿಗನನ್ನು ನಿನ್ನ ರಾಜ್ಯ ಯಾವುದೆಂದು ಕೇಳಿದರೆ ರೇಷನ್ ಕಾರ್ಡು ಒಂದು ಹೇಳುತ್ತದೆ, ನಾಲಿಗೆ ಇನ್ನೊಂದು ಹೇಳುತ್ತದೆ. ಬಹಳ ಹೊತ್ತು ಯೋಚಿಸಿ ತೆಲಂಗಾಣ, ಕರ್ನಾಟಕ ಎರಡನ್ನೂ ಗುರುತು ಮಾಡಿದೆವು. ಕನ್ನಡ ಮಾತನಾಡುವ ಮನೆಗೆ ಕನ್ನಡನಾಡಿನ ಕೂಸು ಬಂದರೆ ಎಷ್ಟು ಚೆನ್ನ ಎಂಬ ಆಸೆಯೂ ಇತ್ತು. ಉಳಿದ ಪ್ರಶ್ನೆಗಳಿಗೆ ಯೋಚಿಸಲೇ ಇಲ್ಲ. ಹೆಣ್ಣು. ಎರಡು ವರ್ಷದೊಳಗಿನದು. ಆರೋಗ್ಯವಂತ. ಮೂರು ಕಡೆ ಗುರುತು ಹಾಕಲು ಒಂದು ನಿಮಿಷವೂ ಬೇಕಾಗಲಿಲ್ಲ. ನೇಕಾರ ಸೀರೆ ತಂದಾಗ ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು, ಎಲ್ಲಾದರೂ ಎಳೆ ತಪ್ಪಿದೆಯೇ ಎಂದು ನೋಡುವ ಕಣ್ಣು ನಮ್ಮದು. ಆ ಕಣ್ಣಿನಿಂದಲೇ ಅರ್ಜಿಯನ್ನೂ ತುಂಬಿದೆವೆಂದು ಆಗ ಹೊಳೆದಿರಲಿಲ್ಲ.

ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು, ನಮ್ಮನ್ನು ಜೊತೆಯಾಗಿಯೂ ಬೇರೆಬೇರೆಯಾಗಿಯೂ ಮಾತನಾಡಿಸಿ ವರದಿ ಬರೆದುಕೊಂಡು ಹೋದರು. ಅವ್ವನನ್ನೂ ಕೇಳಿದರು. ಅವ್ವ, "ಅವರ ಸಂಸಾರ, ಅವರ ಇಚ್ಛಾ" ಎಂದಷ್ಟೇ ಹೇಳಿ ಚಹಾ ಮಾಡಲು ಒಳಗೆ ಹೋದಳು. ಬಳಿಕ ಎರಡೂವರೆ ವರ್ಷ ಕಾದೆವು. ಈ ನಡುವೆ 2019ರ ಫೆಬ್ರವರಿ 17ರಂದು ನಾರಾಯಣಪೇಟೆಯೂ ಜಿಲ್ಲೆಯಾಯಿತು. ನಮ್ಮ ಕಾಗದಗಳಲ್ಲಿದ್ದ ಮಹಬೂಬನಗರ ಜಿಲ್ಲೆಯ ವಿಳಾಸ ಹಳೆಯದಾಯಿತು. ಊರು ಎರಡನೆಯ ಸಲ ದತ್ತು ಹೋಯಿತೆಂದು ಮಾವನವರು ಫೋನಿನಲ್ಲಿ ನಗೆಯಾಡಿದರು.

ಮಾರ್ಚಿನ ಒಂದು ಮಧ್ಯಾಹ್ನ ಮೊಬೈಲಿಗೆ ಸಂದೇಶ ಬಂದಿತು. ಏಳು ತಿಂಗಳ ಹೆಣ್ಣು ಕೂಸು, ಕಲಬುರಗಿ. ಒಂದು ಭಾವಚಿತ್ರ, ಕೂಸಿನ ಬೆಳವಣಿಗೆಯ ವರದಿ, ವೈದ್ಯಕೀಯ ವರದಿ. ಒಪ್ಪಿಗೆಯೋ ಅಲ್ಲವೋ ಎಂದು ತಿಳಿಸಲು ನಲವತ್ತೆಂಟು ತಾಸು. ನಮಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

ಅವ್ವ ಚಿತ್ರವನ್ನು ನೋಡಲಿಲ್ಲ. "ಹೋಗಿ ಬರ್ರಿ" ಎಂದಳು, ಅಷ್ಟೇ. ಮಖ್ತಲ್ಲಿನಿಂದ ನಮ್ಮ ಅಕ್ಕ ಬಂದು ಜೊತೆಗೂಡಿದಳು. ಬಸ್ಸಿನಲ್ಲಿ ಸೈದಾಪುರ ತಲುಪಿ ರೈಲು ಹಿಡಿದೆವು. ನಮ್ಮ ಹಿರಿಯರ ಬಾಯಲ್ಲಿ ಆ ಸ್ಟೇಷನ್ನು ಇನ್ನೂ ನಾರಾಯಣಪೇಟ ರೋಡೇ. ಊರು ತೆಲಂಗಾಣದಲ್ಲಿ, ಊರಿನ ಹೆಸರು ಹೊತ್ತಿದ್ದ ಸ್ಟೇಷನ್ನು ಕರ್ನಾಟಕದಲ್ಲಿ. ಯಾದಗಿರಿ, ವಾಡಿ ಜಂಕ್ಷನ್, ಶಹಾಬಾದ ದಾಟಿ ಕಲಬುರಗಿ. ವಾಡಿಯಲ್ಲಿ ಅಕ್ಕ ರೊಟ್ಟಿಯ ಗಂಟು ಬಿಚ್ಚಿದಳು. ಯಾರ ಗಂಟಲಿನಲ್ಲಿಯೂ ತುತ್ತು ಇಳಿಯಲಿಲ್ಲ.

ಸರ್ಕಾರದ ಮಾನ್ಯತೆ ಪಡೆದ ದತ್ತು ಕೇಂದ್ರವದು. ತೊಳೆದ ಬಟ್ಟೆ ಮತ್ತು ಹಾಲಿನ ವಾಸನೆ. ಆಯಾ ಒಬ್ಬಳು ಕೂಸನ್ನು ತಂದು ನಮ್ಮಾಕೆಯ ಕೈಯಲ್ಲಿ ಕೊಟ್ಟಳು. ಸಿನಿಮಾದಲ್ಲಿ ಆಗುವಂತೆ ಏನೂ ಆಗಲಿಲ್ಲ. ಕೂಸು ಮೈಯೆಲ್ಲ ಬಿಗಿಮಾಡಿಕೊಂಡು, ಆಯಾಳ ಕಡೆಗೆ ಕೈಚಾಚಿ, ಕೆಂಪಾಗಿ ಅತ್ತಿತು. ನಮ್ಮಾಕೆಯೂ ಅತ್ತಳು. ಅಕ್ಕ ಇಬ್ಬರನ್ನೂ ಗದರಿಸಿದಳು. ಎರಡು ದಿನ ಬಂದು ಹೋಗಿ ಮಾಡಿರಿ, ವಾಸನೆ ಹೊಂದಿಕೊಳ್ಳಲಿ ಎಂದು ಆಯಾ ಸಮಾಧಾನ ಹೇಳಿದಳು. ಕೂಸು ಎಲ್ಲಿಂದ ಬಂದಿತು, ಹೇಗೆ ಬಂದಿತು ಎಂಬುದನ್ನು ಕೇಂದ್ರದವರು ಬಲ್ಲಷ್ಟು ನಮಗೆ ಹೇಳಿದ್ದಾರೆ. ಅದು ನಮ್ಮ ಮಗಳ ಸ್ವತ್ತು, ಇಲ್ಲಿ ಬರೆಯುವ ಅಧಿಕಾರ ನಮಗಿಲ್ಲ.

ಹೀಗೆ ಮೂರು ದಿನ ಆ ಕೇಂದ್ರಕ್ಕೆ ನಡೆದಾಡಿದೆವು. ಅದೇ ಮೂರು ದಿನ ಅಲ್ಲಿಗೆ ಇನ್ನೊಂದು ಜೋಡಿಯೂ ಬರುತ್ತಿತ್ತು. ಇಟಲಿ ದೇಶದವರು. ಗಂಡ ಎತ್ತರದ ಆಳು, ಹೆಂಡತಿ ತಲೆಗೆ ದುಪಟ್ಟಾ ಸುತ್ತಿಕೊಂಡು ಬಿಸಿಲಿಗೆ ಕೆಂಡದಂತಾಗಿದ್ದಳು. ಅವರು ಕೂಸು ತರಲು ಬಂದವರಲ್ಲ. ಏಳು ವರ್ಷದ ಹುಡುಗನೊಬ್ಬನನ್ನು ಕರೆದೊಯ್ಯಲು ಬಂದಿದ್ದರು. ಹುಡುಗನ ಮೇಲ್ದುಟಿಯ ಮೇಲೆ ಸೀಳುತುಟಿಯನ್ನು ಹೊಲಿದ ಗುರುತಿತ್ತು, ಮಾತು ತುಸು ಮೂಗಿನಲ್ಲಿ ಬರುತ್ತಿತ್ತು. ಕಣ್ಣು ಮಾತ್ರ ಬಹಳ ಚುರುಕು.

ಮುಚ್ಚುಮರೆ ಏಕೆ, ಮೊದಲು ನಮಗೆ ಹುಟ್ಟಿದ್ದು ಸಂಶಯ. ನಮ್ಮ ಕಡೆ ಆ ಸಂಶಯಕ್ಕೆ ಬೇರಿದೆ. 1999ರಲ್ಲಿಯೂ 2001ರಲ್ಲಿಯೂ ಹೈದರಾಬಾದಿನಲ್ಲಿ ಹೊರಬಿದ್ದ ಸಂಗತಿಗಳನ್ನು ಈ ಭಾಗದ ಜನ ಮರೆತಿಲ್ಲ. ತಾಂಡಾಗಳ ಲಂಬಾಣಿ ಹೆಂಗಸರಿಂದ ಹಸುಗೂಸುಗಳನ್ನು ನಾಲ್ಕು ಕಾಸಿಗೆ ಕೊಂಡು, ಕಾಗದ ಹುಟ್ಟಿಸಿ, ವಿದೇಶಕ್ಕೆ ಕಳಿಸುವ ವ್ಯಾಪಾರ ನಡೆದಿತ್ತು. ಬಡತನದ ಕಾರಣದಿಂದ ಮಗುವನ್ನು ಬಿಟ್ಟುಕೊಡುವುದನ್ನೇ ಆಂಧ್ರ ಸರ್ಕಾರ ಆಗ ನಿಷೇಧಿಸಬೇಕಾಯಿತು. ಅಂದಿನಿಂದ ನಮ್ಮಲ್ಲಿ ಬಿಳಿಯರ ಜೊತೆ ಕಪ್ಪು ಮಗುವನ್ನು ಕಂಡರೆ ಜನ ಪಿಸುಗುಟ್ಟುತ್ತಾರೆ.

ಅಲ್ಲಿಯ ಕಾರ್ಯಕರ್ತೆ ನಮ್ಮ ಮುಖ ನೋಡಿಯೇ ತಿಳಿದುಕೊಂಡು ವಿವರಿಸಿದರು. ಹಿಂದೆ ವಿದೇಶೀಯರು 1890ರ ಪಾಲಕರ ಕಾಯ್ದೆಯ ಪ್ರಕಾರ ಪಾಲಕರೆನಿಸಿಕೊಂಡು ಮಗುವನ್ನು ಕರೆದೊಯ್ಯುತ್ತಿದ್ದರಂತೆ. ಅಲ್ಲಿ ಹೋದ ಮೇಲೆ ಏನಾಯಿತೆಂದು ಕೇಳುವವರಿರಲಿಲ್ಲ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ಅರ್ಜಿಯೆಂದು ಎಣಿಸಿ, ನ್ಯಾಯಮೂರ್ತಿ ಭಗವತಿಯವರು 1984ರ ಫೆಬ್ರವರಿಯಲ್ಲಿ ಕಟ್ಟಳೆಗಳನ್ನು ಹಾಕಿದರು. 1990ರಲ್ಲಿ ಕಾರಾ ಹುಟ್ಟಿತು. ದೇಶದೇಶಗಳ ನಡುವಣ ದತ್ತಕಕ್ಕಾಗಿ 1993ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಈಗ ಯಾವ ಮಗುವನ್ನೂ ನೇರವಾಗಿ ವಿದೇಶಕ್ಕೆ ತೋರಿಸುವಂತಿಲ್ಲ. ಮೊದಲು ಇಲ್ಲಿಯವರಿಗೂ ವಿದೇಶದಲ್ಲಿ ನೆಲೆಸಿದ ಭಾರತೀಯರಿಗೂ ತೋರಿಸಬೇಕು. 2015ರ ಬಾಲನ್ಯಾಯ ಕಾಯ್ದೆ ಅರುವತ್ತು ದಿನದ ಅವಧಿ ಹೇಳುತ್ತದೆ. ದೊಡ್ಡ ಮಕ್ಕಳು, ಅಂಗವೈಕಲ್ಯವುಳ್ಳವರು, ಒಡಹುಟ್ಟಿದವರ ಜೋಡಿ ಇವರ ಮಟ್ಟಿಗೆ ವಿದೇಶದ ಬಾಗಿಲು ಬೇಗ ತೆರೆಯುತ್ತದೆ. ಕೋರ್ಟಿನ ಆದೇಶ, ಕಾರಾದ ಪ್ರಮಾಣಪತ್ರ, ಪಾಸ್‌ಪೋರ್ಟು, ವೀಸಾ ಎಲ್ಲ ಆದ ಮೇಲೆಯೇ ಈ ಜೋಡಿ ವಿಮಾನ ಹತ್ತಿ ಬಂದದ್ದು. ಮುಂದೆಯೂ ಎರಡು ವರ್ಷ ಮಗುವಿನ ಕ್ಷೇಮದ ವರದಿ ಅಲ್ಲಿಂದ ಬರುತ್ತಿರಬೇಕು.

ಇಷ್ಟು ಹೇಳಿ ಕಾರ್ಯಕರ್ತೆ ಒಂದು ಸಹಾಯ ಕೇಳಿದರು. ಆ ದಿನ ಕೇಂದ್ರದಲ್ಲಿ ದತ್ತು ಸಮಿತಿಯ ಸಭೆ, ಅವರಿಗೆ ಪುರುಸೊತ್ತಿಲ್ಲ. ಹುಡುಗ ಬೆಳಗಿನಿಂದ ಏನೇನೋ ಕೇಳುತ್ತಿದ್ದಾನೆ, ಅವರಿಗೆ ತಿಳಿಯುತ್ತಿಲ್ಲ. ಆ ತಾಯಿಗೆ ಇಂಗ್ಲಿಷು ಸ್ವಲ್ಪ ಬರುತ್ತದೆ. ನೀವು ನಡುವೆ ಕೂಡುತ್ತೀರಾ?

ಬೇವಿನ ಗಿಡದ ಕೆಳಗೆ ಚಾಪೆ ಹಾಕಿಕೊಂಡು ಕೂತೆವು. ಹುಡುಗನ ಕೈಯಲ್ಲಿ ಚಿತ್ರಗಳ ಒಂದು ಪುಸ್ತಕ. ಬರುವುದಕ್ಕೆ ತಿಂಗಳುಗಳ ಮುಂಚೆಯೇ ಅವರು ಕಳಿಸಿದ್ದಂತೆ. ಮನೆ, ನಾಯಿ, ಅಜ್ಜ ಅಜ್ಜಿ, ಶಾಲೆ, ಅವನಿಗಾಗಿ ಹಾಕಿದ ಮಂಚ. ತಿರುವಿ ತಿರುವಿ ಮೂಲೆಗಳು ಹರಿದಿದ್ದವು. ಅವನು ನಮ್ಮ ಕಡೆ ತಿರುಗಿ ಮೊದಲು ಕೇಳಿದ್ದು, "ಅಲ್ಲಿ ಜ್ವಾಳದ ರೊಟ್ಟಿ ಮಾಡ್ತಾರೇನ್ರಿ?"

ನಾವು ಅಂಗಡಿಯ ಇಂಗ್ಲಿಷಿನಲ್ಲಿ ಹೇಳಿದೆವು. ಆ ಹೆಣ್ಣುಮಗಳು ಕೂಡಲೇ ನೋಟು ಪುಸ್ತಕ ತೆಗೆದು, ಮಾಡುವ ರೀತಿ ಹೇಳಿ ಎಂದಳು. ನಮ್ಮಾಕೆಗೆ ಹುರುಪು ಬಂದಿತು. ಎಸರಿಗೆ ಹಿಟ್ಟು ಹಾಕಿ ನಾದುವುದು, ಅಂಗೈಯಿಂದ ತಟ್ಟುವುದು, ಹಂಚಿನ ಮೇಲೆ ಹಾಕಿ ನೀರು ಸವರುವುದು, ಎಲ್ಲವನ್ನೂ ಗಾಳಿಯಲ್ಲಿಯೇ ಮಾಡಿ ತೋರಿಸಿದಳು. ಗಂಡ ಅದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸಿಕೊಂಡ. ಅವರ ದೇಶದಲ್ಲಿ ಜೋಳದ ಹಿಟ್ಟು ಹುಡುಕಿದರೆ ಸಿಕ್ಕೀತು ಎಂದ.

ಎರಡನೆಯ ಪ್ರಶ್ನೆ: "ರಾತ್ರಿ ಲೈಟ್ ಬಂದ್ ಮಾಡ್ತಾರೇನು?" ಅದಕ್ಕೆ ಆಕೆ ಮಂಚದ ಚಿತ್ರದಲ್ಲಿ ತಲೆದಿಂಬಿನ ಪಕ್ಕದ ಸಣ್ಣ ದೀಪವನ್ನು ತೋರಿ, ಆರಿಸುವುದು ನಿನ್ನ ಕೈಯಲ್ಲಿದೆ ಎಂದಳು.

ಮೂರನೆಯದನ್ನು ಹುಡುಗ ನಮ್ಮ ಹತ್ತಿರ ಸರಿದು, ಸಣ್ಣ ದನಿಯಲ್ಲಿ ಕೇಳಿದ. "ಇವರೂ ನನ್ನ ಬಿಟ್ಟು ಹೋದ್ರ, ಹೊಳ್ಳಿ ಬರಾಕ ಯಾವ ಸ್ಟೇಷನ್ನಿನಾಗ ಇಳೀಬೇಕ್ರಿ?"

ಇದನ್ನು ಹೇಳಬೇಕೇ ಬೇಡವೇ ಎಂದು ನಾವು ನಮ್ಮಾಕೆಯ ಮುಖ ನೋಡಿದೆವು. "ಇದ್ದದ್ದು ಇದ್ದಂಗ ಹೇಳ್ರಿ" ಎಂದಳು. ಹೇಳಿದೆವು. ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬಿಟ್ಟು ಹೋಗುವುದಿಲ್ಲವೆಂದು ಅವನಿಗೆ ಹೇಳಿ ಎನ್ನುತ್ತಾಳೆಂದು ಕಾದೆವು, ಆಕೆ ಹಾಗೆ ಹೇಳಲಿಲ್ಲ. ಹುಡುಗನಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ಎರಡನೆಯ ಇಯತ್ತೆ. ಆಗ ನೋಟು ಪುಸ್ತಕದ ಹೊಸ ಹಾಳೆ ತೆಗೆದು ನಮ್ಮ ಮುಂದಿಟ್ಟಳು. ಅವರ ಮನೆಯ ವಿಳಾಸ, ಫೋನ್ ನಂಬರು, ಅವರ ಊರಿನ ರೈಲ್ವೆ ಸ್ಟೇಷನ್ನಿನ ಹೆಸರು. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಡಿ, ಎಲ್ಲಿ ತಪ್ಪಿಸಿಕೊಂಡರೂ ಇಲ್ಲಿ ಇಳಿ ಎಂದು ಹೇಳಿ ಎಂದಳು.

ಇಟಲಿಯ ಊರಿನ ಹೆಸರೊಂದನ್ನು ಕನ್ನಡದಲ್ಲಿ ಬರೆದದ್ದು ಜೀವಮಾನದಲ್ಲಿ ಅದೇ ಮೊದಲು. ಆಕೆ ಮೂರು ಮೂರು ಸಲ ಉಚ್ಚರಿಸಿದಳು, ನಾವು ಮೂರು ಸಲ ತಿದ್ದಿದೆವು. ಹುಡುಗ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದ. ಸರಿಯಾಗಿ ಓದಿದನೆಂದು ಅವಳು ಕೈತಟ್ಟಿದಾಗ ಅವನು ಅಂದು ಮೊದಲ ಸಲ ಅವಳ ಮುಖ ನೋಡಿ ನಕ್ಕ. ಆ ಬಳಿಕ ಒಂದು ಪಟ್ಟಿಯೂ ಆಯಿತು. ನೀರು, ಹಸಿವಿ, ಹೊಟ್ಟಿನೋವು, ಸಾಕು, ಬ್ಯಾಡ. ಕನ್ನಡದ ಶಬ್ದ ಅವರ ಲಿಪಿಯಲ್ಲಿ, ಎದುರಿಗೆ ಅವರ ಭಾಷೆಯ ಅರ್ಥ. ಗ್ರಂಥದ ಕನ್ನಡ ಬೇಡ, ಹುಡುಗ ಆಡುವಂತೆಯೇ ಇರಲಿ ಎಂದು ನಮ್ಮಾಕೆ ಪಕ್ಕದಲ್ಲಿ ಕುಳಿತು ತಿದ್ದುತ್ತಿದ್ದಳು. ಕೊನೆಗೆ ಹುಡುಗನೇ ಒಂದು ಸೇರಿಸಿದ: "ಅಂಜಿಕಿ".

ಇಷ್ಟಕ್ಕೆ ಮುಗಿದಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ನಾವು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಹುಡುಗ ಬಂದು, "ನಿಮ್ಮೂರಿಗಿ ಯಾವ ಸ್ಟೇಷನ್ರಿ?" ಎಂದ. ಸೈದಾಪುರ ಎಂದೆವು. ತುಸು ಯೋಚಿಸಿ, ಯಾವ ಸಿಟ್ಟೂ ಇಲ್ಲದೆ, ಲೆಕ್ಕ ಕೇಳುವವನಂತೆ ಕೇಳಿದ.

"ನೀವು ಕನ್ನಡದವರ ಅದೀರಿ. ಮತ್ತ ನನ್ನ ನೋಡಾಕ ಯಾಕ ಬರಲಿಲ್ಲ?"

ನಾಲ್ಕು ಭಾಷೆಗಳಲ್ಲಿ ವ್ಯಾಪಾರ ಮಾಡುವ ಬಾಯಿಗೆ ಒಂದು ಭಾಷೆಯಲ್ಲಿಯೂ ಉತ್ತರ ಸಿಗಲಿಲ್ಲ. ನಮ್ಮ ಕೈ ಹಿಡಿದುಕೊಂಡಿದ್ದ ಅಕ್ಕ ಕೈಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನು ಉತ್ತರಕ್ಕಾಗಿ ಕಾಯಲೂ ಇಲ್ಲ, ಆಡಲು ಓಡಿದ.

ಸಂಜೆ ಕಾರ್ಯಕರ್ತೆಯನ್ನು ಕೇಳಿದೆವು. ಹುಡುಗ ಎರಡು ವರ್ಷದಿಂದ ಪಟ್ಟಿಯಲ್ಲಿದ್ದನಂತೆ. ನಮ್ಮ ಅರ್ಜಿಯೂ ಆ ಎರಡು ವರ್ಷ ಅದೇ ಕಂಪ್ಯೂಟರಿನಲ್ಲಿತ್ತು, ಕರ್ನಾಟಕವೆಂದು ಗುರುತು ಮಾಡಿಕೊಂಡು. ಆದರೆ ನಾವು ಹಾಕಿದ ಉಳಿದ ಮೂರು ಗುರುತುಗಳಿಂದಾಗಿ ಅವನು ನಮ್ಮ ಎದುರಿಗೆ ಬರುವುದೇ ಸಾಧ್ಯವಿರಲಿಲ್ಲ. ನಮ್ಮಂಥವರೇ ಬಹಳ ಜನ, ತಪ್ಪು ತಿಳಿಯಬೇಡಿ, ಎಲ್ಲರಿಗೂ ಸಣ್ಣ ಕೂಸೇ ಬೇಕು, ಎರಡು ದಾಟಿದರೆ ಕೇಳುವವರು ಕಡಿಮೆ, ಐದು ದಾಟಿದರೆ ಇನ್ನೂ ಕಡಿಮೆ ಎಂದು ಅವರು ಹೇಳಿದರು. ತಪ್ಪೇನೂ ತಿಳಿಯಲಿಲ್ಲ. ನಮ್ಮ ಮಗಳು ನಮಗೆ ಬಂದದ್ದೂ ಆ ಗುರುತುಗಳಿಂದಲೇ, ಅದರ ಬಗ್ಗೆ ನಮಗೆ ಪಶ್ಚಾತ್ತಾಪವಿಲ್ಲ. ಆದರೆ ಗಡಿಯಲ್ಲಿ ಕನ್ನಡ ಉಳಿಯುವುದಿಲ್ಲವೆಂದು ಎಷ್ಟು ಸಭೆಗಳಲ್ಲಿ ನಾವೂ ಕುಳಿತಿದ್ದೇವೆ! ಅಂಥ ಸಭೆಗಳಲ್ಲಿಯೇ ಒಮ್ಮೆ, ನಮ್ಮ ಮಕ್ಕಳನ್ನು ಪರದೇಶಕ್ಕೆ ಕಳಿಸುತ್ತಾರೆಂದು ಒಬ್ಬರು ಮೇಜು ಗುದ್ದಿದಾಗ ನಾವೂ ತಲೆಯಾಡಿಸಿದ್ದೆವು. ಕನ್ನಡ ಓದಬಲ್ಲ ಹುಡುಗನೊಬ್ಬ ನಮ್ಮ ಊರಿನಿಂದ ರೈಲಿನಲ್ಲಿ ಕೆಲವೇ ತಾಸಿನ ದಾರಿಯಲ್ಲಿ ಎರಡು ವರ್ಷ ಕುಳಿತಿದ್ದ. ಅವನನ್ನು ಕರೆಯಲು ಕನ್ನಡದ ಒಂದು ಅಕ್ಷರವೂ ಬಾರದವರು ಸಮುದ್ರ ದಾಟಿ ಬಂದರು.

ಮೂರನೆಯ ದಿನ ಎರಡೂ ಕುಟುಂಬಗಳು ಒಂದೇ ಹೊತ್ತಿಗೆ ಹೊರಟವು. ಆಯಾ ನಮ್ಮ ಚೀಲದಲ್ಲಿ ಹಳೆಯ ದುಪ್ಪಟಿಯ ತುಂಡೊಂದನ್ನು ಇಟ್ಟಳು. ಒಗೆಯಬೇಡಿ, ಕೂಸು ಇದರ ವಾಸನೆಗೆ ನಿದ್ದೆ ಮಾಡುತ್ತದೆ ಎಂದಳು. ಹುಡುಗ ಚಿತ್ರಗಳ ಪುಸ್ತಕವನ್ನು ಎದೆಗೊತ್ತಿಕೊಂಡು ಕಾರಿನಲ್ಲಿ ಕುಳಿತ. ನಮ್ಮ ಕಡೆ ಕೈಬೀಸಿದನೋ ಆಯಾಳ ಕಡೆಗೋ ತಿಳಿಯಲಿಲ್ಲ.

ತಿರುಗಿ ಬರುವಾಗ ನಾವು ಸೈದಾಪುರದಲ್ಲಿ ಇಳಿಯಲಿಲ್ಲ. ಅವ್ವನ ಮನಸ್ಸು ತಿಳಿಯದೆ ಕೂಸನ್ನು ನೇರವಾಗಿ ಮನೆಗೆ ಒಯ್ಯಲು ಧೈರ್ಯವಾಗದೆ, ಕೃಷ್ಣಾ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಮಖ್ತಲ್ಲಿನ ಅಕ್ಕನ ಮನೆ ಸೇರಿದೆವು. ಆಗ ಅದು ಜೀಪಿನ ದಾರಿ. 2023ರ ಅಕ್ಟೋಬರ್ 1ರಂದು ಹೊಸ ಮಾರ್ಗ ತೆರೆದ ಮೇಲೆ ಮಖ್ತಲ್ಲಿನಿಂದಲೇ ಕೃಷ್ಣಾಕ್ಕೆ ರೈಲಿದೆ. ಅಕ್ಕ ಆರತಿ ಬೆಳಗಿ ಒಳಗೆ ಕರೆದಳು. ಎರಡು ದಿನ ಕಳೆದವು. ಫೋನಿನಲ್ಲಿ ಅವ್ವ ಹೊಲದ ಮಾತು, ಹಾಲಿನವನ ಮಾತು ಎಲ್ಲ ಆಡಿದಳು, ಕೂಸಿನ ಮಾತು ಮಾತ್ರ ಆಡಲಿಲ್ಲ.

ಮೂರನೆಯ ದಿನ ಶನಿವಾರ. ಬೆಳಗಿನ ಬಸ್ಸಿಗೆ ಅವ್ವ ತಾನಾಗಿಯೇ ಬಂದಿಳಿದಳು. ಬಾಗಿಲಲ್ಲಿಯೇ ನಿಂತು, ಯಾರೂ ಕೇಳದಿದ್ದರೂ, "ಪಡಮಟಿ ಹಣಮಪ್ಪಗ ಕಾಯಿ ಒಡಸೋದಿತ್ತು, ಅದಕ್ಕ ಬಂದೀನಿ" ಎಂದಳು. ಮಖ್ತಲ್ಲಿನ ಆಂಜನೇಯ ದೊಡ್ಡವನು, ಅವನ ಹೆಸರು ಹೇಳಿದ ಮೇಲೆ ಯಾರು ಏನು ಮಾತನಾಡಿಯಾರು? ಕೂಸು ಚಾಪೆಯ ಮೇಲೆ ಮಲಗಿತ್ತು. ಅವ್ವ ಓರೆಗಣ್ಣಿನಿಂದ ನೋಡಿದಳು, ಮತ್ತೆ ನೋಡಿದಳು.

"ಏ, ಈ ಸೆಕಿಯಾಗ ಕೂಸಿಗಿ ಸ್ವೆಟರ್ ಹಾಕೀರಲ್ಲ, ಬುದ್ಧಿ ಅದನೋ ಇಲ್ಲೋ?"

ಸ್ವೆಟರ್ ಬಿಚ್ಚಿ, ಬೆವರು ಒರೆಸಿ, ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು. ಕೂಸು ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಕೈಚೀಲ ತರಲು ಹೇಳಿದಳು. ತೆಂಗಿನಕಾಯಿಯ ಕೆಳಗೆ ಹಳೆಯ ನಾರಾಯಣಪೇಟ ಸೀರೆಯೊಂದು ಮಡಚಿಟ್ಟಿತ್ತು. ನೂರು ಸಲ ಒಗೆದು ಮಲ್ಲಿಗೆಯಂತಾದ ಹತ್ತಿ. ನಮ್ಮ ತೊಟ್ಟಿಲಿಗೆ, ಅಕ್ಕನ ತೊಟ್ಟಿಲಿಗೆ ಕಟ್ಟಿದ್ದ ಸೀರೆ ಅದು. ಕಾಯಿ ಒಡೆಸಲು ಬಂದವಳ ಚೀಲದಲ್ಲಿ ಅದು ಹೇಗೆ ಬಂದಿತೆಂದು ನಾವು ಕೇಳಲಿಲ್ಲ. ಕುಲದ ಮಾತೂ ಅಂದಿನಿಂದ ನಮ್ಮ ಮನೆಯಲ್ಲಿ ಬಂದಿಲ್ಲ.

ಆಗಸ್ಟಿನಲ್ಲಿ ಕೋರ್ಟಿನ ಆದೇಶ ಬಂದಿತು. ಆಗ ದತ್ತಕದ ಆದೇಶವನ್ನು ಕೋರ್ಟು ಕೊಡುತ್ತಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಜನನ ಪ್ರಮಾಣಪತ್ರದಲ್ಲಿ ತಂದೆತಾಯಿಗಳ ಅಂಕಣದಲ್ಲಿ ನಮ್ಮ ಹೆಸರು, ಹುಟ್ಟಿದ ಸ್ಥಳದ ಅಂಕಣದಲ್ಲಿ ಕರ್ನಾಟಕ. ಮನೆಯಲ್ಲಿ ಕರ್ನಾಟಕದವಳು ಅವಳೊಬ್ಬಳೇ ಎಂದು ನಾವು ಚೇಷ್ಟೆ ಮಾಡುವುದುಂಟು. ಆ ಆಗಸ್ಟಿನಲ್ಲಿಯೇ ಕೃಷ್ಣೆಗೆ ಮಹಾಪೂರ ಬಂದಿತ್ತು. ನೀರು ಇಳಿದ ಮೇಲೆ ಮಗಳನ್ನು ಗದ್ವಾಲಕ್ಕೆ ಕರೆದೊಯ್ಯುವಾಗ ಜುರಾಲಾ ಅಣೆಕಟ್ಟಿನ ಮೇಲೆ ಕಾರು ನಿಲ್ಲಿಸಿ ಅವಳಿಗೆ ಹೊಳೆ ತೋರಿಸಿದೆವು. ಉತ್ತನೂರಿನ ಗೋಪಾಲದಾಸರ ಹೆಸರು ಕೇಳಿ ಬೆಳೆದ ನೆರೆಮನೆಯ ಅಜ್ಜಿ ಬಾಗಿಲಲ್ಲಿ ನೀವಾಳಿಸುತ್ತ, "ದೇವಕಿ ಹಡದಾಕಿ, ಯಶೋದಾ ಆಡಿಸಿದಾಕಿ. ಹೊಳಿ ದಾಟಿ ಬಂದ ಕೂಸಿಗಿ ದೃಷ್ಟಿ ಬ್ಯಾಗ ಆಗ್ತದ" ಎಂದಳು. ಗದ್ವಾಲದ ಅತ್ತೆ ಮೊಮ್ಮಗಳಿಗೆಂದು ಪುಟ್ಟ ಪರಕರ ಹೊಲಿಸಿದ್ದರು. ಹತ್ತಿಯ ಒಡಲು, ರೇಷ್ಮೆಯ ಅಂಚು. ಗದ್ವಾಲದ ನೇಯ್ಗೆಯಲ್ಲಿ ಒಡಲಿಗೆ ಅಂಚನ್ನು ಒಂದೊಂದು ಎಳೆಯಾಗಿ ಸೇರಿಸುತ್ತಾರೆ, ಅದರ ವಿಚಾರ ಇನ್ನೊಮ್ಮೆ ಬರೆಯೋಣ.

ಮಗಳಿಗೆ ಎಲ್ಲ ಗೊತ್ತಿದೆ. ಮೂರು ವರ್ಷದವಳಿದ್ದಾಗಿನಿಂದ ರಾತ್ರಿ ಮಲಗುವಾಗ "ರೈಲಿನ ಕತಿ ಹೇಳ್ರಿ" ಎನ್ನುತ್ತಾಳೆ. ಸೈದಾಪುರ, ಯಾದಗಿರಿ, ವಾಡಿ, ಶಹಾಬಾದ ಎಂದು ಸ್ಟೇಷನ್ನುಗಳನ್ನು ಅವಳೇ ಹೇಳುತ್ತಾಳೆ. ಕತೆಯಲ್ಲಿ ಆ ಹುಡುಗನೂ ಬರುತ್ತಾನೆ. ಅವನಿಗೆ ಈಗ ರೊಟ್ಟಿ ತಟ್ಟಲು ಬರುತ್ತದೆಯೇ ಎಂದು ಅವಳು ಕೇಳುತ್ತಾಳೆ.

2024ರಲ್ಲಿ ನಾವು ಮತ್ತೊಮ್ಮೆ ಅರ್ಜಿ ಹಾಕಿದೆವು. ಈಗಿನ ನಿಯಮದಂತೆ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ಗಂಡಹೆಂಡಿರ ವಯಸ್ಸು ಕೂಡಿದರೆ ನೂರು ಮೀರಬಾರದು. ನಮ್ಮಿಬ್ಬರದು ಕೂಡಿ ಎಂಬತ್ತೊಂಬತ್ತಾಗಿತ್ತು. ವಯಸ್ಸಿನ ಅಂಕಣದಲ್ಲಿ ನಾಲ್ಕರಿಂದ ಎಂಟು ಎಂದು ಗುರುತು ಹಾಕುವ ಮುನ್ನ ನಾವಿಬ್ಬರೂ ಒಂದು ವಾರ ನಿದ್ದೆಗೆಟ್ಟೆವು. ಬಂದ ಮಗು ನಮ್ಮನ್ನು ಒಪ್ಪದಿದ್ದರೆ? ಅಂಗಡಿಯ ಆದಾಯ ಸಾಲದಿದ್ದರೆ? ಅಂಜಿಕೆ ಹೋಗಿದೆಯೆಂದು ಹೇಳಿದರೆ ಸುಳ್ಳಾದೀತು.

ಮನೆ ನೋಡಲು ಈ ಸಲ ಬಂದ ಕಾರ್ಯಕರ್ತೆ ನಮ್ಮೆಲ್ಲರನ್ನೂ ಕೇಳಿದ ಮೇಲೆ ಮಗಳನ್ನೂ ಹತ್ತಿರ ಕೂಡಿಸಿಕೊಂಡು ಅವಳ ಅಭಿಪ್ರಾಯ ಕೇಳಿದರು. ಮಗಳು ಗಂಭೀರವಾಗಿ ಯೋಚಿಸಿ ಒಂದು ತಕರಾರು ಎತ್ತಿದಳು.

"ಈ ಮನಿಗಿ ಮದಲ ಬಂದಾಕಿ ನಾನು. ಆಮ್ಯಾಲ ಬರಾವ ನನಗಿಂತ ದೊಡ್ಡಾವಿದ್ರ, ಅವ ನನಗ ಅಣ್ಣನೋ ತಮ್ಮನೋ?"

ಕಾರ್ಯಕರ್ತೆ ಬರೆಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು. ನಾವು ಅವ್ವನ ಮುಖ ನೋಡಿದೆವು. ಅವ್ವ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರವಿಕೊಂಡು ಕುಳಿತಿದ್ದಳು. ದೊಡ್ಡ ಹುಡುಗನಿಗೆ ತೊಟ್ಟಿಲ ಸೀರೆ ಸಾಲುವುದಿಲ್ಲ, ಕೌದಿಯೇ ಬೇಕು ಎಂದು ಎರಡು ದಿನದಿಂದ ಅದೇ ಕೆಲಸ. "ಮದಲ ಅವ ಬರಲಿ, ನೀವಿಬ್ಬರೂ ಕೂತು ಮಾತಾಡಿಕೋರಿ" ಎಂದು ತಲೆಯೆತ್ತದೆ ಹೇಳಿ, ಸೂಜಿಗೆ ದಾರ ಪೋಣಿಸಿಕೊಡೆಂದು ಮೊಮ್ಮಗಳನ್ನು ಕರೆದಳು.